ಬೂಷ್ಟು ಹಿಡಿದ ಸೈನ್ಯ

ಒಂದೂವರೆ ವರ್ಷದಲ್ಲಿ 48 ಪುಟಾಣಿ ಗೊಂಬೆ ಸೈನಿಕರು, 2 ಪುಟಾಣಿ ಹಡಗು. ಇಷ್ಟಕ್ಕೆ ಬಣ್ಣ ಹಚ್ಚಿದ್ದೇನೆ. ಲೆಕ್ಕ ಹಾಕಿದರೆ ತಿಂಗಳಿಗೆ ಮೂರು ಜನವೂ ಬೀಳುವುದಿಲ್ಲ. ಟಿಪ್ಪು ಸುಲ್ತಾನ್ ಈ ವೇಗದಲ್ಲಿ ಸೈನ್ಯ ಕಟ್ಟಿದ್ದರೆ, ಇಂಗ್ಲಿಷರ ದಂಡನಾಯಕ ಕಾರ್ನ್‌ವಾಲಿಸ್ ಬೆಂಗಳೂರಿಗೆ ಬರುವ ಹೊತ್ತಿಗೆ ಕೋಟೆ ಬಾಗಿಲಲ್ಲಿ ಇಬ್ಬರು ಕಾವಲಿನವರು, ಒಬ್ಬ ನಗಾರಿಯವನು ಇರುತ್ತಿದ್ದರು ಅಷ್ಟೇ.

ಗೊತ್ತಿಲ್ಲದವರಿಗೆ ಎರಡು ಮಾತು. ಇವು ದಸರಾ ಗೊಂಬೆಗಳ ಹಾಗೆ ಕೂರಿಸಿ ನೋಡುವುದಕ್ಕೆ ಮಾಡಿದವಲ್ಲ. ಮೇಜಿನ ಮೇಲೆ ಬೆಟ್ಟ, ಹೊಳೆ, ಕೋಟೆ ಗೋಡೆ ಇಟ್ಟು, ಇವುಗಳನ್ನು ಸಾಲಾಗಿ ನಿಲ್ಲಿಸಿ ಹಳೇ ಯುದ್ಧಗಳನ್ನು ಆಡುತ್ತಾರೆ. ದಾಳ ಇರುತ್ತದೆ, ಅಳತೆ ಟೇಪು ಇರುತ್ತದೆ. ಕಾಲಾಳು ಒಂದು ಸರದಿಗೆ ಇಷ್ಟು ಇಂಚು ನಡೆಯಬಹುದು, ಬಂದೂಕಿನ ಗುಂಡು ಇಷ್ಟು ಇಂಚು ಹೋಗಬಹುದು ಅಂತ ನಿಯಮ ಇರುತ್ತದೆ. ಬೆಂಗಳೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗ ಇದರ ಹುಚ್ಚು ಹಿಡಿಸಿಕೊಂಡು ನನಗೂ ಹಿಡಿಸಿದ. ‘ನಾನು ಇಂಗ್ಲಿಷರ ಕಡೆ ಮಾಡ್ತೀನಿ, ನೀನು ಮೈಸೂರಿನವರನ್ನ ಮಾಡು’ ಅಂದ. 1790ರಿಂದ 1792ರವರೆಗೆ ನಡೆದ ಮೂರನೇ ಮೈಸೂರು ಯುದ್ಧ. ನಾನು ಸಕಲೇಶಪುರದ ಕಡೆಯವನು. ಶಾಲೆಯಿಂದ ಪ್ರವಾಸ ಅಂದರೆ ಅದೇ ಎಂಟು ಮೂಲೆಯ ನಕ್ಷತ್ರದ ಮಂಜರಾಬಾದ್ ಕೋಟೆ. ಟಿಪ್ಪು ಅದನ್ನು ಕಟ್ಟಿ ಮುಗಿಸಿದ್ದು 1792ರಲ್ಲೇ. ಹಾಗಾಗಿ ಒಪ್ಪಿಕೊಂಡೆ. ಬಣ್ಣ ಹಚ್ಚುವುದು ಎಷ್ಟು ಕಷ್ಟ ಇದ್ದೀತು ಅಂತ ಆಗ ಅನಿಸಿತ್ತು.

ಸೈನಿಕರ ಎತ್ತರ 28 ಮಿಲಿಮೀಟರ್. ಅದೂ ತಲೆಯವರೆಗಲ್ಲ, ಪಾದದಿಂದ ಕಣ್ಣಿನವರೆಗೆ ಅಳೆಯುವ ಪದ್ಧತಿ. ಮುಖ ಅಂದರೆ ಒಂದು ಹೆಸರುಕಾಳು. ತವರ ಬೆರೆತ ಬಿಳಿ ಲೋಹದಲ್ಲಿ ಎರಕ ಹೊಯ್ದ ಇವು ಇಂಗ್ಲೆಂಡಿನಿಂದ ಪಾರ್ಸೆಲ್‌ನಲ್ಲಿ ಬರಬೇಕು. ನನ್ನ ಮೊದಲ ಪಾರ್ಸೆಲ್ ಹಾಸನಕ್ಕೆ ಬಂದದ್ದು ಹಾಸನಾಂಬೆಯ ಬಾಗಿಲು ತೆಗೆದಿದ್ದ ವಾರ. ಊರು ತುಂಬ ಜನ, ರಸ್ತೆ ತುಂಬ ಸಾಲು. ಪಾರ್ಸೆಲ್ ಒಂದು ವಾರ ಎಲ್ಲೋ ಕೂತಿತ್ತು. ದೇವಿ ದರ್ಶನ ಮುಗಿದ ಮೇಲೆ ನನ್ನ ಸೈನ್ಯದ ದರ್ಶನ ಆಯಿತು.

ಡಬ್ಬಿ ಬಿಚ್ಚಿದ ಕೂಡಲೇ ಬಣ್ಣ ಹಚ್ಚುವ ಹಾಗಿಲ್ಲ. ಅಚ್ಚಿನ ಎರಡು ಭಾಗ ಕೂಡುವ ಕಡೆ ಲೋಹ ಸಣ್ಣಗೆ ಉಕ್ಕಿ ಗೆರೆ ಬಿದ್ದಿರುತ್ತದೆ. ತಲೆಯ ಮೇಲಿಂದ ಭುಜ, ಪಕ್ಕೆ, ಕಾಲಿನವರೆಗೆ. ಅದನ್ನು ಚೂರಿಯಲ್ಲಿ ಕೆರೆದು, ಸಣ್ಣ ಅರದಲ್ಲಿ ಉಜ್ಜಿ ತೆಗೆಯಬೇಕು. ಇಲ್ಲದಿದ್ದರೆ ಬಣ್ಣ ಬಿದ್ದ ಮೇಲೆ ಅದೇ ಎದ್ದು ಕಾಣುತ್ತದೆ, ಮೂಗಿನ ಮೇಲೆ ಹೊಲಿಗೆ ಹಾಕಿದ ಹಾಗೆ. ಆಮೇಲೆ ಸೋಪು ನೀರಿನಲ್ಲಿ ತೊಳೆಯಬೇಕು, ಅಚ್ಚಿನ ಪುಡಿ, ಕೈಯ ಜಿಡ್ಡು ಹೋಗಲಿ ಅಂತ. ನಾನು ಅಡುಗೆಮನೆ ಸಿಂಕಿನಲ್ಲಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯುತ್ತಿದ್ದೆ. ‘ರೀ, ಇವರಿಗೆ ಸ್ನಾನ ಆಯ್ತಾ, ನಾನು ಪಾತ್ರೆ ತೊಳೀಲಾ?’ ಅಂತ ಹೆಂಡತಿ ಹಿಂದೆ ನಿಂತು ಕೇಳುತ್ತಿದ್ದಳು. ತೊಳೆದವರನ್ನು ಔಷಧಿ ಬಾಟಲಿಯ ಮುಚ್ಚಳಕ್ಕೆ ಒಬ್ಬೊಬ್ಬರನ್ನಾಗಿ ಅಂಟಿಸಿದೆ. ಹಿಡಿಯುವುದಕ್ಕೆ ಮುಚ್ಚಳ, ಸೈನಿಕನಿಗೆ ಬೆರಳು ತಾಗಬಾರದು. ಕೊನೆಗೆ ಬೂದು ಪ್ರೈಮರ್ ಸ್ಪ್ರೇ. ಲೋಹಕ್ಕೆ ಬಣ್ಣ ಹಿಡಿಯಬೇಕಾದರೆ ಅದು ಬೇಕೇ ಬೇಕು.

ಮೊದಲ ಆರು ಜನರ ಕಥೆ ಹೇಳಲು ನಾಚಿಕೆ. ಸ್ಟೇಷನರಿ ಅಂಗಡಿಯಿಂದ ಅಕ್ರಿಲಿಕ್ ಟ್ಯೂಬು ತಂದೆ. ಇರುವುದರಲ್ಲೇ ಸಣ್ಣ ಬ್ರಷ್ ಕೇಳಿ ತಂದೆ. ಟ್ಯೂಬಿನಿಂದ ಹಿಂಡಿದ ಬಣ್ಣ ಹಿಂಡಿದ ಹಾಗೇ ಹಚ್ಚಿದೆ. ಎರಕದವನು ಅಷ್ಟು ಕಷ್ಟಪಟ್ಟು ಕೊರೆದಿದ್ದ ಮೀಸೆ, ಗುಂಡಿ, ಪೇಟದ ಮಡಿಕೆ ಎಲ್ಲ ಮುಚ್ಚಿಹೋಯಿತು. ಆರು ದೃಷ್ಟಿಬೊಂಬೆಗಳು ಸಾಲಾಗಿ ನಿಂತ ಹಾಗಿತ್ತು. ಸ್ಪಿರಿಟ್‌ನಲ್ಲಿ ನೆನೆಸಿ, ಉಜ್ಜಿ, ಮತ್ತೆ ಮೊದಲಿಂದ.

ಒಳ್ಳೆಯ ಬ್ರಷ್ ಎಲ್ಲಿ ಸಿಗುತ್ತದೆ ಅಂತ ಕೇಳಲು ಹೋಗಿ ಸಿಕ್ಕಿದವರು ಬೋರ್ಡ್ ಅಣ್ಣ. ಹೆಸರು ಬೇಡ, ಅವರಿಗೆ ಇಷ್ಟವಾಗುವುದಿಲ್ಲ. ಕಟ್ಟಿನಕೆರೆ ಮಾರುಕಟ್ಟೆ ಕಡೆಯ ಒಂದು ಓಣಿಯಲ್ಲಿ ಅವರದು ಅರ್ಧ ಬಾಗಿಲಿನ ಅಂಗಡಿ. ಫ್ಲೆಕ್ಸ್ ಬರುವ ಮುಂಚೆ ಅಂಗಡಿ ಬೋರ್ಡು, ಸಿನಿಮಾ ಬ್ಯಾನರ್, ಗೋಡೆ ಜಾಹೀರಾತು ಎಲ್ಲ ಬರೆದವರು. ಈಗ ಲಾರಿಗಳ ಹಿಂದೆ, ಟ್ರ್ಯಾಕ್ಟರ್ ಮೇಲೆ, ಆಗೊಮ್ಮೆ ಈಗೊಮ್ಮೆ ಗಣಪತಿ ಪೆಂಡಾಲಿಗೆ ಬರೆಯುತ್ತಾರೆ. ಜೇಬಿನಲ್ಲಿದ್ದ ಸೈನಿಕನನ್ನು ತೋರಿಸಿದೆ. ಕನ್ನಡಕ ಹಣೆಗೆ ಏರಿಸಿ, ಮೂಗಿನ ಹತ್ತಿರ ಹಿಡಿದು ನೋಡಿದರು.

‘ಇದನ್ನ ಎಷ್ಟು ದೂರದಿಂದ ನೋಡ್ತಾರೆ ಸಾರ್?’

‘ಮೇಜಿನ ಹತ್ರ ನಿಂತ್ಕೊಂಡು ಅಣ್ಣ. ಒಂದು ಮೂರಡಿ.’

‘ಮತ್ತೆ ಕಣ್ಣೊಳಗೆ ಗುಡ್ಡೆ ಬರೆಯೋಕೆ ಯಾಕೆ ಹೋಗಿದ್ದೀರಿ? ಬಸ್ ಮೇಲೆ ಬರೆಯೋನು ಬಸ್ ಓಡೋವಾಗ ಕಾಣೋ ಹಾಗೆ ಬರೀಬೇಕು. ನಿಂತಾಗ ಚಂದ ಕಂಡ್ರೆ ಏನು ಬಂತು?’

ಅವತ್ತು ಅವರು ಹೇಳಿಕೊಟ್ಟದ್ದು ಮೂರೋ ನಾಲ್ಕೋ ಮಾತು. ಸಣ್ಣ ಬ್ರಷ್ ಬಿಸಾಡಿ. ಹೊಟ್ಟೆ ದಪ್ಪ ಇದ್ದು ಮೊನೆ ಚೂಪಾಗಿರುವ ಬ್ರಷ್ ತಗೊಳ್ಳಿ. ಸಣ್ಣದರಲ್ಲಿ ಬಣ್ಣ ನಿಲ್ಲುವುದಿಲ್ಲ, ಸೈನಿಕನಿಗೆ ತಾಗುವಷ್ಟರಲ್ಲಿ ಮೊನೆಯಲ್ಲೇ ಒಣಗಿಬಿಡುತ್ತದೆ. ಎರಡು ಕೈಯ ಮಣಿಕಟ್ಟು ಒಂದಕ್ಕೊಂದು ತಾಗಿರಲಿ, ಆಗ ನಡುಗಿದರೂ ಎರಡೂ ಕೂಡಿಯೇ ನಡುಗುತ್ತವೆ. ಬಣ್ಣ ಮೊಸರಿನ ಹಾಗಿರಬಾರದು, ನೀರು ಮಜ್ಜಿಗೆಯ ಹಾಗಿರಬೇಕು. ಒಂದು ಸಲ ಹಚ್ಚಿದರೆ ಕೆಳಗಿನದು ಕಾಣುತ್ತದೆ, ಕಾಣಲಿ. ಒಣಗಿದ ಮೇಲೆ ಇನ್ನೊಂದು ಸಲ. ನನ್ನ ನೀರಿನ ಬಣ್ಣವನ್ನು ಮಾತ್ರ ಅವರು ಕೊನೆಯವರೆಗೂ ಒಪ್ಪಲಿಲ್ಲ. ಎನಾಮೆಲ್, ಟರ್ಪೆಂಟೈನ್ ಬಿಟ್ಟರೆ ಉಳಿದದ್ದೆಲ್ಲ ಅವರಿಗೆ ಮಕ್ಕಳಾಟ.

ನೀರು ಮಜ್ಜಿಗೆ ಹದ ಹಾಸನದ ಬೇಸಿಗೆಯಲ್ಲಿ ಹತ್ತು ನಿಮಿಷ ಉಳಿಯುವುದಿಲ್ಲ. ಅದಕ್ಕೊಂದು ಉಪಾಯ ಇದೆ. ಊಟದ ಡಬ್ಬಿಯ ತಳಕ್ಕೆ ಒದ್ದೆ ಸ್ಪಂಜು, ಅದರ ಮೇಲೆ ಕೇಕ್ ಬೇಯಿಸುವಾಗ ಹಾಸುವ ಕಾಗದ, ಕಾಗದದ ಮೇಲೆ ಬಣ್ಣ. ಕೆಳಗಿನಿಂದ ತೇವ ಏರುತ್ತಾ ಇರುತ್ತದೆ. ಮುಚ್ಚಳ ಹಾಕಿಟ್ಟರೆ ಮರುದಿನಕ್ಕೂ ಬಣ್ಣ ಹಸಿ. ಬ್ಯಾಂಕಿನಿಂದ ಬಂದು, ಕಾಫಿ ಕುಡಿದು, ಡಬ್ಬಿ ತೆಗೆದರೆ ನಿನ್ನೆಯ ನೇರಳೆ ಹಾಗೇ ಕಾಯುತ್ತಾ ಕೂತಿರುತ್ತಿತ್ತು.

ಆ ನೇರಳೆಯ ಕಥೆಗೆ ಬರುತ್ತೇನೆ. ಟಿಪ್ಪುವಿನ ಕಾಲಾಳುಗಳ ಅಂಗಿಯ ಮೇಲೆ ಹುಲಿ ಗುರುತು ಇತ್ತು ಅಂತ ಎಲ್ಲರಿಗೂ ಗೊತ್ತು. ಹುಲಿ ಅಂದ ಕೂಡಲೇ ನಾವು ಹಳದಿ, ಕಪ್ಪು ಅಂದುಕೊಳ್ಳುತ್ತೇವೆ. ಆದರೆ ಅಂದು ಎದುರು ನಿಂತು ಹೋರಾಡಿದ ಇಂಗ್ಲಿಷರ ಬರಹಗಳಲ್ಲಿ ಬರುವುದು ನೇರಳೆ ಅಂಗಿ, ಅದರ ಮೇಲೆ ಬಿಳಿಯ ವಜ್ರಾಕಾರದ ಚುಕ್ಕೆ, ಕೆಂಪು ಪೇಟ. ಯಾವ ನೇರಳೆ? ಜಂಬುನೇರಳೆ ಹಣ್ಣಿನದೋ, ಬದನೆಕಾಯಿಯದೋ, ನಾಲ್ಕು ಸಲ ಒಗೆದ ಸೀರೆಯದೋ? ಒಂದು ಭಾನುವಾರ ಬಸ್ ಹತ್ತಿ ಶ್ರೀರಂಗಪಟ್ಟಣಕ್ಕೆ ಹೋದೆ. ದರಿಯಾ ದೌಲತ್‌ನ ಪಶ್ಚಿಮದ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರ ಇದೆ. ಸುತ್ತುವರಿದ ಸೈನ್ಯದ ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಇಂಗ್ಲಿಷರ ಕರ್ನಲ್ ಬೇಲಿ, ಸಿಡಿಯುತ್ತಿರುವ ಮದ್ದಿನ ಗಾಡಿ, ಸಾಲು ಸಾಲು ಕುದುರೆ. ಕುತ್ತಿಗೆ ನೋಯುವವರೆಗೆ ನೋಡಿದೆ. ಚಿತ್ರ ಅದ್ಭುತ. ನನ್ನ ಕೆಲಸಕ್ಕೆ ಮಾತ್ರ ಅಷ್ಟೇನೂ ಒದಗಲಿಲ್ಲ. ಅದು ಟಿಪ್ಪು ಪಟ್ಟಕ್ಕೆ ಬರುವ ಮುಂಚಿನ ಯುದ್ಧ. ಮೇಲಾಗಿ ಮಾಸಿದಾಗಲೆಲ್ಲ ಅದಕ್ಕೆ ಹೊಸ ಬಣ್ಣ ಹಚ್ಚಿಸಿದ್ದಾರೆ, ಆಮೇಲೆ ಬಂದ ಗವರ್ನರ್ ಜನರಲ್ ಡಾಲ್‌ಹೌಸಿ ಕಾಲದಲ್ಲೂ ಹಚ್ಚಿಸಿದ್ದಾರೆ. ನಾನು ನೋಡುತ್ತಿರುವುದು ಯಾರ ಕೈಯ ಕೆಂಪು ಅಂತ ಹೇಗೆ ಹೇಳುವುದು?

ಕೊನೆಗೆ ನೀಲಿಗೆ ಕೆಂಪು, ಸ್ವಲ್ಪ ಕಂದು ಬೆರೆಸಿ, ಬಿಸಿಲಿಗೆ ಬಿದ್ದ ಬದನೆಕಾಯಿ ಬಣ್ಣ ಮಾಡಿಕೊಂಡೆ. ಒಬ್ಬನಿಗೆ ಹಚ್ಚಿ, ಎದೆ, ಬೆನ್ನು, ತೋಳು ಸೇರಿ ನಲವತ್ತಕ್ಕೂ ಹೆಚ್ಚು ಚುಕ್ಕೆ ಇಟ್ಟೆ. ಒಂದೊಂದೂ ಸಾಸಿವೆಯ ಕಾಲು ಭಾಗ. ಮೂರು ಸಂಜೆ ಹಿಡಿಯಿತು. ಕೈಯಲ್ಲಿ ಹಿಡಿದು ನೋಡಿದರೆ ನನಗೇ ಹೆಮ್ಮೆ. ಮೇಜಿನ ಮೇಲೆ ಇಟ್ಟು ಮೂರು ಹೆಜ್ಜೆ ಹಿಂದೆ ಸರಿದೆ. ಚುಕ್ಕೆಗಳೆಲ್ಲ ನೇರಳೆಯ ಜೊತೆ ಕಲೆಸಿಹೋಗಿ ಅಂಗಿ ಬೂದು ಬಣ್ಣಕ್ಕೆ ತಿರುಗಿತ್ತು. ಬೂದಿ ಬಡಿದುಕೊಂಡ ಮನುಷ್ಯ.

ಬೋರ್ಡ್ ಅಣ್ಣನಿಗೆ ತೋರಿಸಿದೆ. ನಕ್ಕರು. ‘ಚುಕ್ಕೆ ಕಮ್ಮಿ ಮಾಡಿ, ದಪ್ಪ ಮಾಡಿ. ಎದೆಗೆ ಐದು ಸಾಕು.’ ನಲವತ್ತು ಇದ್ದದ್ದನ್ನು ಹದಿನಾಲ್ಕು ಮಾಡಿದೆ: ಎದೆಗೆ ಐದು, ಬೆನ್ನಿಗೆ ಐದು, ತೋಳಿಗೆ ಎರಡೆರಡು. ಇತಿಹಾಸದ ಲೆಕ್ಕದಲ್ಲಿ ತಪ್ಪು. ಮೂರಡಿಯಿಂದ ನೋಡಿದರೆ ಹುಲಿ ಅಂಗಿ! ಬಣ್ಣದ ಕೆಲಸದಲ್ಲಿ ನಿಜ ಹೇಳಬೇಕಾದರೆ ಕೆಲವು ಕಡೆ ಸುಳ್ಳು ಹೇಳಬೇಕು ಅನ್ನುವುದು ನನ್ನ ಬ್ಯಾಂಕ್ ಬುದ್ಧಿಗೆ ಹಿಡಿಸಲು ಸ್ವಲ್ಪ ದಿನ ಬೇಕಾಯಿತು.

ಉಳಿದ ಕೆಲಸ ಸುಲಭ. ತೆಳ್ಳಗಿನ ಕಂದು ಬಣ್ಣದ ನೀರನ್ನು ಮೈಮೇಲೆ ಹರಿಸಿದರೆ ಅದು ಮಡಿಕೆಗಳಲ್ಲಿ, ಬೆರಳ ಸಂದಿಯಲ್ಲಿ ಇಳಿದು ನಿಂತು ನೆರಳಾಗುತ್ತದೆ. ಇದಕ್ಕೆ ವಾಷ್ ಅನ್ನುತ್ತಾರೆ. ಒಣಗಿದ ಮೇಲೆ ಉಬ್ಬಿದ ಕಡೆ, ಅಂದರೆ ಭುಜ, ಮಂಡಿ, ಪೇಟದ ಮೇಲ್ಭಾಗಕ್ಕೆ ಒಂದು ಹಂತ ತಿಳಿ ಬಣ್ಣ. ಇದರ ಗುಟ್ಟು ನನಗೆ ಅರ್ಥವಾದದ್ದು ಹಳೇಬೀಡಿನಲ್ಲಿ, ನೆಂಟರನ್ನು ತೋರಿಸಲು ಕರೆದುಕೊಂಡು ಹೋದಾಗ. ಬಳಪದ ಕಲ್ಲಿಗೆ ಬಣ್ಣವೇ ಇಲ್ಲ. ಆದರೂ ಆ ಕುದುರೆ ಸವಾರರ ಸಾಲು ದೂರಕ್ಕೆ ಅಷ್ಟು ಸ್ಪಷ್ಟ ಯಾಕೆ? ಆಳವಾಗಿ ಕೊರೆದ ಕಡೆ ನೆರಳು ಕಪ್ಪಗೆ ನಿಲ್ಲುತ್ತದೆ, ಉಬ್ಬಿದ ಕಡೆ ಬೆಳಕು ಬೀಳುತ್ತದೆ. ಅಲ್ಲಿ ಬಿಸಿಲೇ ಮಾಡುವ ಕೆಲಸವನ್ನು ನಮ್ಮ ಹೆಸರುಕಾಳಿನ ಮುಖದಲ್ಲಿ ನಾವು ಬ್ರಷ್‌ನಿಂದ ಮಾಡಬೇಕು. ಗಾತ್ರ ಸಣ್ಣದಾದಾಗ ಬಿಸಿಲಿನ ನೆರಳು ಸಾಲುವುದಿಲ್ಲ.

36 ಜನ ಬಂದೂಕಿನವರು ಹೀಗೆ ಮುಗಿದರು. ಉಳಿದ 12 ಜನ ರಾಕೆಟ್‌ನವರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಳೇ ಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಮೈಸೂರು ರಾಕೆಟ್ ಸಿಕ್ಕವಲ್ಲ, ಆ ಫೋಟೋ ಮುಂದಿಟ್ಟುಕೊಂಡೇ ತುಕ್ಕು ಹಿಡಿಯದ ಕಬ್ಬಿಣದ ಬಣ್ಣ ಕಲೆಸಿದೆ. ಎರಕದಲ್ಲಿ ಬಂದ ಬಿದಿರು ಕೋಲು ಮುಟ್ಟಿದರೆ ಬಗ್ಗುತ್ತಿತ್ತು. ಕಿತ್ತು ಹಾಕಿ ಪೊರಕೆ ಕಡ್ಡಿ ಅಂಟಿಸಿದೆ. ತೆಂಗಿನ ಗರಿಯ ಕಡ್ಡಿಗಿಂತ ಒಳ್ಳೆಯ ಬಿದಿರು ಈ ಅಳತೆಯಲ್ಲಿ ಸಿಗುವುದಿಲ್ಲ.

ಈಗ ತಲೆಬರಹದ ವಿಷಯ. ಬಣ್ಣ ಮುಗಿದ ಮೇಲೆ ವಾರ್ನಿಷ್ ಹೊಡೆಯಬೇಕು. ಆಟದಲ್ಲಿ ಎಲ್ಲರೂ ಮುಟ್ಟುತ್ತಾರೆ, ಬರಿ ಬಣ್ಣ ಸವೆದುಹೋಗುತ್ತದೆ. ಹೊಳಪಿಲ್ಲದ ವಾರ್ನಿಷ್ ಸ್ಪ್ರೇ ತಂದಿದ್ದೆ. ಜುಲೈನಲ್ಲಿ ನಾಲ್ಕು ದಿನ ರಜೆ ಹಾಕಿ ಊರಿಗೆ ಹೋದವನು ಆ ಹೊತ್ತಿಗೆ ಬಣ್ಣ ಮುಗಿದಿದ್ದ 24 ಜನರನ್ನೂ ಜೊತೆಗೆ ತೆಗೆದುಕೊಂಡು ಹೋದೆ. ಅಲ್ಲಿ ಸುಮ್ನೆ ಕೂತು ಮಾಡುವುದಾದರೂ ಏನು? ಸಕಲೇಶಪುರದ ಜುಲೈ ಗೊತ್ತಲ್ಲ. ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ, ಉಪ್ಪಿನ ಡಬ್ಬಿಯಲ್ಲಿ ನೀರು. ಮಳೆ ಒಂದರ್ಧ ಗಂಟೆ ಬಿಟ್ಟಿತು. ಓಡಿಹೋಗಿ ಕೊಟ್ಟಿಗೆಯ ಮಾಡಿನ ಕೆಳಗೆ ಸೈನಿಕರನ್ನು ಮೊರದಲ್ಲಿ ನಿಲ್ಲಿಸಿ ಸ್ಪ್ರೇ ಹೊಡೆದೆ. ಚೆನ್ನಾಗೇ ಕಂಡರು. ಒಳಗೆ ಹೋಗಿ ಕಡುಬು ತಿಂದು ಬರುವಷ್ಟರಲ್ಲಿ ಅಮ್ಮ ಮೊರದ ಮುಂದೆ ನಿಂತಿದ್ದರು.

‘ಏನೋ ಇದು, ನಿನ್ನ ಗೊಂಬೆಗೆಲ್ಲ ಬೂಷ್ಟು ಹಿಡಿದಿದೆಯಲ್ಲೋ!’

ಹೌದು. 24 ಜನರ ಮೇಲೂ ಬಿಳಿ ಪೊರೆ. ನೇರಳೆ ಇಲ್ಲ, ಕೆಂಪು ಪೇಟ ಇಲ್ಲ. ಬೆಲ್ಟು, ಚಪ್ಪಲಿಯನ್ನೂ ಬಿಟ್ಟಿಲ್ಲ. ಎಂಟು ತಿಂಗಳ ಸಂಜೆಗಳು. ನಾನು ಮೊರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತುಬಿಟ್ಟೆ.

ಅಮ್ಮನ ಪ್ರಕಾರ ಬೂಷ್ಟಿಗೆ ಮದ್ದು ಎರಡೇ. ಒಂದು ಒಲೆ, ಇನ್ನೊಂದು ಕೊಬ್ಬರಿ ಎಣ್ಣೆ. ಒಲೆ ಬೇಡ ಅಂದೆ. ಸ್ಪ್ರೇ ಹೊಡೆದದ್ದನ್ನು ಬೆಂಕಿ ಹತ್ತಿರ ಇಡುವುದು ಮನೆಗೇ ಅಪಾಯ. ‘ಹಾಗಾದ್ರೆ ಎಣ್ಣೆ ಸವರು’ ಅಂತ ಬಟ್ಟಲು ತಂದಿಟ್ಟರು. ಹೋದದ್ದು ಹೋಯಿತು ಅಂತ ಒಬ್ಬನಿಗೆ ಬೆರಳಲ್ಲಿ ಸವರಿದೆ. ಬೆರಳು ಹೋದ ಕಡೆಯೆಲ್ಲ ನೇರಳೆ ಮೇಲೆದ್ದು ಬಂತು! ಮಂಜು ಕವಿದ ಗಾಜನ್ನು ಒರೆಸಿದ ಹಾಗೆ. ಅಮ್ಮ ಏನೂ ಹೇಳಲಿಲ್ಲ, ಬಟ್ಟಲನ್ನು ಇನ್ನಷ್ಟು ಹತ್ತಿರ ತಳ್ಳಿದರು.

ಆಮೇಲೆ ಕಾರಣ ತಿಳಿದುಕೊಂಡೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಅದು ಒಣಗುತ್ತಿರುವ ವಾರ್ನಿಷ್‌ಗೆ ಸಿಕ್ಕಿಕೊಳ್ಳುತ್ತದೆ. ಮೇಲ್ಮೈ ಸೂಕ್ಷ್ಮವಾಗಿ ಒರಟಾಗಿ ಬೆಳಕು ದಿಕ್ಕಾಪಾಲಾಗಿ ಚೆದುರುತ್ತದೆ. ನಮಗೆ ಬಿಳಿ ಕಾಣುತ್ತದೆ. ಬಣ್ಣ ಕೆಳಗೆ ಹಾಗೇ ಇರುತ್ತದೆ. ಎಣ್ಣೆ ಆ ತಗ್ಗುಗಳನ್ನು ತುಂಬುತ್ತದೆ. ಹೊರದೇಶದವರು ಇದಕ್ಕೇ ಆಲಿವ್ ಎಣ್ಣೆ ಸವರುತ್ತಾರಂತೆ. ಆದರೆ ಎಣ್ಣೆ ಜಿಡ್ಡು, ಧೂಳು ಹಿಡಿಯುತ್ತದೆ. ಹಾಸನಕ್ಕೆ ವಾಪಸ್ ಬಂದು ಉಳಿದ 23 ಜನರಿಗೆ ಹೊಳಪಿನ ವಾರ್ನಿಷ್ ಅನ್ನು ಬ್ರಷ್‌ನಲ್ಲೇ ಹಚ್ಚಿದೆ. ಬಿಳುಪು ಹೋಯಿತು. ಆ ಹೊಳಪು ಮುರಿಯಲು ಡಿಸೆಂಬರ್‌ನ ಒಣ ಬಿಸಿಲಿನವರೆಗೆ ಕಾದೆ. ಎಣ್ಣೆ ಸ್ನಾನ ಆದವನನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ಇವತ್ತಿಗೂ ಹಬ್ಬದ ದಿನದವನ ಹಾಗೆ ಮಿರಮಿರ ಅನ್ನುತ್ತಾನೆ.

ನಿಲ್ಲಿಸುವ ನೆಲಕ್ಕೆ ಊರಿನ ಹಿತ್ತಲ ಕೆಂಪು ಮಣ್ಣು. ಹುಳು ಗಿಳು ಇರದಿರಲಿ ಅಂತ ಹಳೇ ಬಾಣಲೆಯಲ್ಲಿ ಹುರಿದೆ. ಅದು ಅಷ್ಟೇನೂ ಹಳೇ ಬಾಣಲೆ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಆ ವಿಷಯ ಇಲ್ಲಿ ಬೇಡ.

ಹಡಗಿನ ಅಳತೆ ಬೇರೆ. 1200ರಲ್ಲಿ ಒಂದು ಪಾಲು. 74 ಫಿರಂಗಿಯ ಯುದ್ಧನೌಕೆ ಇಲ್ಲಿ ನಾಲ್ಕೂವರೆ ಸೆಂಟಿಮೀಟರ್. ಒಂದು ಹಡಗು ಫ್ರೆಂಚ್ ನೌಕಾದಳದ ನಾಯಕ ಸುಫ್ರೆನ್‌ನದು, ಇನ್ನೊಂದು ಅವನ ಎದುರಾಳಿ, ಇಂಗ್ಲಿಷ್ ನೌಕಾದಳದ ನಾಯಕ ಹ್ಯೂಸ್‌ನದು. 1782ರ ಫೆಬ್ರವರಿಯಿಂದ 1783ರ ಜೂನ್‌ವರೆಗೆ ಈ ಫ್ರೆಂಚ್ ಮತ್ತು ಇಂಗ್ಲಿಷ್ ದಳಗಳು ಭಾರತದ ಪೂರ್ವ ಕರಾವಳಿ, ಸಿಲೋನ್ ಸುತ್ತ ಐದು ಸಲ ಕಾದಾಡಿದವು. ನಡುವೆ ಕಡಲೂರಿನ ಹತ್ತಿರ ಹೈದರಾಲಿಯೇ ಸುಫ್ರೆನ್‌ನನ್ನು ಭೇಟಿ ಮಾಡಿದ್ದ. ಅದಕ್ಕೇ ನಮ್ಮ ಕಥೆಯಲ್ಲಿ ಹಡಗಿಗೂ ಜಾಗ.

ಬಣ್ಣ ಒಂದೇ ದಿನದಲ್ಲಿ ಮುಗಿಯಿತು. ಪಕ್ಕೆಗೆ ಮಾಸಲು ಹಳದಿ, ನೀರಿನ ಹತ್ತಿರ ಕಪ್ಪು ಪಟ್ಟೆ, ಹಾಯಿಗೆ ಬಿಳಿ ಬೇಡ, ಒಗೆಯದ ಪಂಚೆಯ ಬಣ್ಣ. ಹಗ್ಗಕ್ಕೆ ಎರಡು ವಾರ. ಸಾದಾ ನೂಲು ಕಟ್ಟಿದರೆ ಅದರ ನವಿರು ಈ ಅಳತೆಯಲ್ಲಿ ಕಂಬಳಿಯ ಹಾಗೆ ಕಾಣುತ್ತದೆ. ಊರಿನಿಂದ ತಂದ ಜೇನುಮೇಣದ ಉಂಡೆಗೆ ನೂಲನ್ನು ಒತ್ತಿ ಎಳೆದೆ. ನವಿರೆಲ್ಲ ಕೂತು ನೂಲು ತಂತಿಯಾಯಿತು. ಹಾಯಿ ಕಟ್ಟುವ ಕೂವೆಮರಕ್ಕೆ ಒಂದು ಸುತ್ತು, ಇಕ್ಕಳದಲ್ಲಿ ಎಳೆದು ಹಿಡಿದು, ಸೂಜಿ ಮೊನೆಯಲ್ಲಿ ಒಂದು ಹನಿ ಫೆವಿಕ್ವಿಕ್. ಹನಿ ಜಾಸ್ತಿಯಾದರೆ ಕೈಯೇ ಹಡಗಿಗೆ ಅಂಟುತ್ತದೆ. ಮುಂದಿನ ಮರದ ಹಗ್ಗ ಬಿಗಿ ಮಾಡಿದರೆ ಹಿಂದಿನದು ಸಡಿಲ. ನಿಜವಾದ ಹಡಗಿನಲ್ಲೂ ಎಲ್ಲ ಹಗ್ಗಗಳೂ ಒಂದನ್ನೊಂದು ಎಳೆದು ಹಿಡಿದೇ ಮರಗಳು ನಿಲ್ಲುವುದು ಅನ್ನುವುದು ಆಗ ಬೆರಳಿಗೇ ಗೊತ್ತಾಯಿತು. ಇರಬೇಕಾದ ಹಗ್ಗಗಳಲ್ಲಿ ಹತ್ತನೇ ಒಂದು ಪಾಲೂ ನಾನು ಕಟ್ಟಿಲ್ಲ. ಬೋರ್ಡ್ ಅಣ್ಣನ ಮೂರಡಿ ಲೆಕ್ಕ. ಸಮುದ್ರ ಅಂದರೆ ಫೆವಿಕಾಲ್‌ನಲ್ಲಿ ಅದ್ದಿ ಸುಕ್ಕು ಮಾಡಿದ ಟಿಶ್ಯೂ ಕಾಗದ, ಮೇಲೆ ಹಸಿರು ನೀಲಿ. ಹೊಳಪಿನ ವಾರ್ನಿಷ್ ಅಲ್ಲಿ ಖುಷಿಯಾಗಿ ಹೊಡೆಯಬಹುದು.

ಜನವರಿಯ ಒಂದು ಭಾನುವಾರ ಚಿಕ್ಕಪ್ಪನ ಮಗ ಕೆಂಪು ಕೋಟಿನವರ ಡಬ್ಬಿ ಹಿಡಿದು ಬಂದ. ಊಟದ ಮೇಜಿಗೆ ಹಸಿರು ಬಟ್ಟೆ ಹಾಸಿ 1791ರ ಮೇ 15ರ ಅರಕೆರೆ ಯುದ್ಧ ಆಡಿದೆವು. ಅವತ್ತು ನಿಜವಾಗಿ ಕಾರ್ನ್‌ವಾಲಿಸ್ ಗೆದ್ದ. ಗೆದ್ದೂ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಲಾಗಲಿಲ್ಲ. ದವಸ ಇಲ್ಲ, ಎತ್ತುಗಳು ಸತ್ತವು, ಮಳೆ ಹಿಡಿಯಿತು. ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ವಾಪಸ್ ಹೋದ. ಮಳೆಯಿಂದ ಸೈನ್ಯ ಹಾಳಾಗುವುದು ಏನು ಅಂತ ನನಗೂ ಗೊತ್ತು.

ಆಟ ಶುರುವಾಗಿ ಐದು ನಿಮಿಷಕ್ಕೆ ಒಂದು ವಿಷಯ ಹೊಳೆದು ಹಣೆ ಚಚ್ಚಿಕೊಂಡೆ. ನನ್ನ ಸೈನಿಕರ ಮುಖ ಕಾಣುವುದು ಎದುರು ಕೂತವನಿಗೆ. ನನಗೆ ಇಡೀ ಮಧ್ಯಾಹ್ನ ಕಾಣುವುದು ಬರಿ ಬೆನ್ನು. ಅಷ್ಟು ದಿನ ಮೀಸೆಗೆ, ಹುಬ್ಬಿಗೆ ಕಣ್ಣು ಕೀಲಿಸಿ ಕೂತವನು ಬೆನ್ನಿಗೆ ಚೀಲದ ಪಟ್ಟಿಯನ್ನೂ ನೆಟ್ಟಗೆ ಎಳೆದಿರಲಿಲ್ಲ. ಬೋರ್ಡ್ ಅಣ್ಣ ಅವತ್ತು ಮೊದಲು ಕೇಳಿದ್ದೇ ಅದನ್ನಲ್ವಾ, ಯಾರು ಎಲ್ಲಿಂದ ನೋಡ್ತಾರೆ ಅಂತ.

ಅವರೂ ಸಂಜೆ ಕಾಫಿ ಹೊತ್ತಿಗೆ ಬಂದರು. ಸೋಲು ಗೆಲುವಿನಲ್ಲಿ ಅವರಿಗೆ ಆಸಕ್ತಿ ಇರಲಿಲ್ಲ (ಸೋತದ್ದು ನಾನು). ಕಿಟಕಿಯಲ್ಲಿದ್ದ ಹಡಗುಗಳನ್ನು ಬಗ್ಗಿ ನೋಡಿದರು. ‘ಇದಕ್ಕೆ ಹೆಸರಿಲ್ವಾ?’

‘ಇದೆ ಅಣ್ಣ. ಫ್ರೆಂಚ್ ಹೆಸರು, ಎರೋ. ಹೀರೋ ಅಂತ ಅರ್ಥ.’

‘ಹೀರೋನಾ! ಹಂಗನ್ನಿ ಮತ್ತೆ.’ ಜೇಬಿನಿಂದ ಬೀಡಿ ಕಟ್ಟಿನಷ್ಟು ದಪ್ಪದ ಬಟ್ಟೆ ಸುರುಳಿ ತೆಗೆದರು. ಒಳಗೆ ಮೂರು ಬ್ರಷ್. ನನ್ನ ನೀರಿನ ಬಣ್ಣ ನೋಡಿ ಮುಖ ಸಿಂಡರಿಸಿದರೂ ಅದರಲ್ಲೇ ಅದ್ದಿದರು. ಸಮುದ್ರದ ಅಂಚಿನಲ್ಲಿ, ನಾಲ್ಕು ಮಿಲಿಮೀಟರ್ ಎತ್ತರದಲ್ಲಿ, ಹಳದಿ ಅಕ್ಷರದಲ್ಲಿ ‘ಹೀರೋ’ ಅಂತ ಬರೆದರು. ಒಣಗಲು ಊದಿದರು. ಆಮೇಲೆ ಪ್ರತಿ ಅಕ್ಷರದ ಬಲಕ್ಕೆ ಕೆಳಗೆ ಸಣ್ಣ ಕೆಂಪು ನೆರಳು ಎಳೆದರು, ಹಳೇ ಸಿನಿಮಾ ಬ್ಯಾನರಿನಲ್ಲಿ ಇರುತ್ತಿತ್ತಲ್ಲ, ಹಾಗೆ. ನಾಲ್ಕು ಹೆಜ್ಜೆ ಹಿಂದೆ ಹೋಗಿ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದರು.

‘ಕಾಣುತ್ತೆ’ ಅಂದರು. ಆಮೇಲೆ ಹ್ಯೂಸ್‌ನ ಹಡಗಿನ ಕಡೆ ಬ್ರಷ್ ತೋರಿಸಿ, ‘ಈ ವಿಲನ್ ಹೆಸರೇನು?’ ಅಂತ ಕೇಳಿದರು.